ಮನೆ ಮಾರುವ ಮುನ್ನ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಕಟ್ಟುವ ಕಷ್ಟವನ್ನು ಬಲ್ಲ ಹಿರಿಯರು ಮಾರುವ ಕಷ್ಟದ ಮಾತನ್ನು ಎತ್ತಲಿಲ್ಲ. ಅವರ ಕಾಲಕ್ಕೆ ಮನೆ ಮಾರುವುದೆಂದರೆ ಸಂಸಾರ ಮುಳುಗಿದಂತೆಯೇ. ಅಂಥ ಮಾತನ್ನು ನಾಲಗೆಯ ಮೇಲೆ ತರುವುದೂ ಅಶುಭವೆಂದು ಅವರು ತಿಳಿದಿದ್ದರು. ಈಗ ಕಾಲ ಬದಲಾಗಿದೆ. ಮಕ್ಕಳಲ್ಲಿ ಒಬ್ಬರು ದಾವಣಗೆರೆಯಲ್ಲಿ, ಒಬ್ಬರು ಬೆಂಗಳೂರಿನಲ್ಲಿ, ಮತ್ತೊಬ್ಬರು ಕಡಲಾಚೆ ನೆಲೆಸಿರುತ್ತಾರೆ. ಊರಿನ ಮನೆಗೆ ಬೀಗ ಬಿದ್ದಿರುತ್ತದೆ. ವರ್ಷಕ್ಕೊಮ್ಮೆ ಹಬ್ಬಕ್ಕೆ ಹೋದಾಗ ಒಳಗಿನ ಜೇಡರ ಬಲೆ ತೆಗೆದು, ಒಂದು ದೀಪ ಹಚ್ಚಿ ಬರುತ್ತೇವೆ. ಕೊನೆಗೊಂದು ದಿನ, ಮಾರಿಬಿಡೋಣವೆಂಬ ಮಾತು ಬರುತ್ತದೆ. ಈ ಮಾತು ಬಂದ ದಿನ ಮೊದಲು ಮಾಡಬೇಕಾದ ಕೆಲಸ ಯಾವುದೆಂಬುದೇ ಇಂದು ನಾನು ನಿಮ್ಮೊಡನೆ ಆಡಬಯಸುವ ವಿಷಯ.

ನಮ್ಮ ತಂದೆಯವರ ಮನೆ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದಲ್ಲಿತ್ತು. ಹಿಂದೆ ಪಾಳೆಯಗಾರರು ಆಳಿದ, ಕೋಟೆಯಿದ್ದ ಊರು ಅದು. ಏಳಂಕಣದ ಮನೆ, ಮಣ್ಣಿನ ಗೋಡೆ, ಮರದ ತೊಲೆ, ಮೇಲೆ ಮಂಗಳೂರು ಹೆಂಚು. ತಂದೆಯವರು ತೀರಿಕೊಂಡ ಮೇಲೆ ತಾಯಿಯವರನ್ನು ನಾವು ಪಟ್ಟಣಕ್ಕೆ ಕರೆತಂದೆವು. ಮಾರುವ ಯೋಚನೆ ಬಂದಾಗ ನನ್ನ ತಮ್ಮ, ‘ಅಣ್ಣಾ, ಒಮ್ಮೆ ಸುಣ್ಣಬಣ್ಣ ಹೊಡೆಸಿಬಿಡೋಣ. ನೋಡೋರಿಗೆ ಲಕ್ಷಣವಾಗಿ ಕಾಣುತ್ತೆ’ ಎಂದ. ನನಗೂ ಅದೇ ಸರಿಯೆಂದು ತೋರಿತು. ಆದರೆ ಬಣ್ಣದ ಲೆಕ್ಕಕ್ಕೆಂದು ಕರೆಸಿದ ವಯಸ್ಸಾದ ಮೇಸ್ತ್ರಿ ಮನೆಯನ್ನೊಮ್ಮೆ ಸುತ್ತಿ ಬಂದು, ‘ಮೊದಲು ನೋಡೋಣ ಸ್ವಾಮಿ, ಆಮೇಲೆ ಬಳಿಯೋಣ’ ಎಂದರು.

ಅವರು ಏಣಿ ಹತ್ತಿ, ಪಡಸಾಲೆಯ ತೊಲೆ ಗೋಡೆಯೊಳಗೆ ಸೇರುವ ಕಡೆ ಉಳಿಯಿಂದ ಮೆಲ್ಲಗೆ ಚುಚ್ಚಿದರು. ಉಳಿ ನಾಲ್ಕು ಬೆರಳಷ್ಟು ಒಳಗೆ ಹೋಯಿತು. ಹೊರಗೆ ನೋಡಿದರೆ ನುಣುಪಾದ, ಎಣ್ಣೆ ಬಳಿದ ತೊಲೆ. ಒಳಗೆ ಗೆದ್ದಲು ತಿಂದ ಹಿಟ್ಟು. ಅದರ ಕೆಳಗೇ ನಾವೆಲ್ಲ ಸಾಲಾಗಿ ಮಲಗಿ ಬೆಳೆದದ್ದು. ತಮ್ಮ ಆಗಲೂ ಸಂಕೋಚದಿಂದಲೇ, ‘ಕೊಳ್ಳೋರು ಹೇಗೂ ಕೆಡವಿ ಕಟ್ಟಬಹುದು, ನಾವ್ಯಾಕೆ ಹೇಳಬೇಕು?’ ಎಂದ. ಸಂಜೆ ಈ ಮಾತು ತಾಯಿಯವರ ಕಿವಿಗೆ ಬಿತ್ತು. ‘ಅಲ್ಲಿ ಮಲಗೋರು ಯಾರ ಮಕ್ಕಳಾದ್ರೇನಪ್ಪ, ಮಕ್ಕಳಲ್ವಾ?’ ಎಂದಷ್ಟೇ ಹೇಳಿ ಅವರು ಸುಮ್ಮನಾದರು. ಅಲ್ಲಿಗೆ ಚರ್ಚೆ ಮುಗಿಯಿತು.

ಕೊಳ್ಳುವವನು ತಾನೇ ನೋಡಿಕೊಳ್ಳಲಿ ಎಂಬುದು ನಮ್ಮ ಸಾಮಾನ್ಯ ಧೋರಣೆ. ಎತ್ತು ಕೊಳ್ಳುವವನು ಹಲ್ಲು ಎಣಿಸುವಂತೆ ಮನೆ ಕೊಳ್ಳುವವನು ಗೋಡೆ ತಟ್ಟಿ ನೋಡಲಿ ಎನ್ನುತ್ತೇವೆ. ಶಾಸನ ಹಾಗೆ ಹೇಳುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಪ್ರಕರಣದಂತೆ, ಮಾರುವವನಿಗೆ ತಿಳಿದಿದ್ದು ಕೊಳ್ಳುವವನಿಗೆ ತಿಳಿಯದ, ಸಾಧಾರಣ ಎಚ್ಚರಿಕೆಯಿಂದ ನೋಡಿದರೂ ಅವನ ಕಣ್ಣಿಗೆ ಬೀಳದಂಥ ಮುಖ್ಯ ದೋಷವನ್ನು ಮಾರುವವನು ತಾನಾಗಿಯೇ ತಿಳಿಸಬೇಕು. ದೋಷ ಕಟ್ಟಡದಲ್ಲಿದ್ದರೂ ಸರಿ, ಹಕ್ಕಿನಲ್ಲಿದ್ದರೂ ಸರಿ. ಮುಚ್ಚಿಟ್ಟರೆ ಅದು ವಂಚನೆಯೆಂದು ಅದೇ ಪ್ರಕರಣ ಹೇಳುತ್ತದೆ. ಬಿರುಕಿನ ಮೇಲೆ ಬಳಿದ ಬಣ್ಣ ನ್ಯಾಯಾಲಯದವರೆಗೂ ಬರಬಹುದೆಂಬುದನ್ನು ನೆನಪಿಡಿ.

‘ಹಾಗಾದರೆ ನೋಡದಿರುವುದೇ ಲೇಸು, ತಿಳಿಯದಿದ್ದರೆ ಹೇಳಬೇಕಾಗಿಯೂ ಇಲ್ಲವಲ್ಲ’ ಎಂದು ಯಾರಾದರೂ ಕೇಳಬಹುದು. ಆದರೆ ವ್ಯವಹಾರದ ದೃಷ್ಟಿಯಿಂದಲೂ ಇದು ಜಾಣತನವಲ್ಲ. ಮುಂಗಡ ಕೊಟ್ಟಾದ ಮೇಲೆ ಕೊಳ್ಳುವವರು ತಮ್ಮ ಮೇಸ್ತ್ರಿಯನ್ನು ಕರೆತಂದು ದೋಷ ಕಂಡರೆ, ಒಂದು ತೊಲೆಯ ನೆಪದಲ್ಲಿ ಇಡೀ ಮನೆಯ ಬೆಲೆ ಇಳಿಯುತ್ತದೆ, ಇಲ್ಲವೇ ಮಾತೇ ಮುರಿದು ಮುಂಗಡ ವಾಪಸ್ಸಿನ ಜಗಳವಾಗುತ್ತದೆ. ನೀವೇ ಮೊದಲು ಕಂಡಿದ್ದರೆ ತೊಲೆಯ ಖರ್ಚೆಷ್ಟು, ಕೂಲಿಯೆಷ್ಟು ಎಂಬುದು ನಿಮ್ಮ ಕೈಯಲ್ಲೇ ಇರುತ್ತದೆ. ಇಳಿಸಿದರೂ ಅಷ್ಟೇ ಇಳಿಸಬಹುದು. ಸ್ಕಾಟ್‌ಲೆಂಡ್ ದೇಶದಲ್ಲಿ 2008ರ ಡಿಸೆಂಬರಿನಿಂದ, ಸಾಮಾನ್ಯವಾಗಿ ಮನೆಯನ್ನು ಮಾರಾಟಕ್ಕಿಡುವ ಮೊದಲೇ ಮಾರುವವರು ತಜ್ಞರಿಂದ ಪರೀಕ್ಷೆ ಮಾಡಿಸಿದ ವರದಿಯನ್ನು ಸಿದ್ಧವಾಗಿಟ್ಟುಕೊಳ್ಳಬೇಕೆಂಬ ನಿಯಮವಿದೆ. ನಮ್ಮಲ್ಲಿ ಅಂಥ ಕಡ್ಡಾಯವಿಲ್ಲ. ಆದರೆ ಒಳ್ಳೆಯ ಪದ್ಧತಿಗೆ ಕಡ್ಡಾಯವೇ ಬೇಕೆಂದಿಲ್ಲ.

ಇನ್ನು ನೋಡುವ ಕ್ರಮ. ಮೇಲಿನಿಂದ ಕೆಳಕ್ಕೆ ನೋಡುತ್ತ ಬನ್ನಿ. ಮೊದಲು ಮಾಡು. ಹೆಂಚಿನ ಮಾಡನ್ನು ಪರೀಕ್ಷಿಸಲು ಮಳೆಗಿಂತ ಒಳ್ಳೆಯ ತಜ್ಞರಿಲ್ಲ. ಮುಂಗಾರಿನ ಮೊದಲ ದೊಡ್ಡ ಮಳೆಯ ದಿನ ಊರಿನಲ್ಲಿದ್ದು, ಒಳಗೆ ಎಲ್ಲೆಲ್ಲಿ ಹನಿ ಬೀಳುತ್ತದೆಂದು ಗುರುತು ಮಾಡಿಕೊಳ್ಳಿ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ಈ ಹೆಂಚು ನಾಡಿನ ಮನೆಗಳ ಮೇಲೆ ಹರಡಿದೆ. ಅದರ ಗುಣವೆಂದರೆ, ಒಡೆದ ಹೆಂಚನ್ನಷ್ಟೇ ತೆಗೆದು ಬೇರೆ ಹೊದಿಸಬಹುದು. ಆದರೆ ಹೆಂಚು ಬದಲಾಯಿಸಿದೊಡನೆ ಕೆಲಸ ಮುಗಿಯಲಿಲ್ಲ. ಅಲ್ಲಿ ನೆನೆದ ರೀಪು, ಜಂತೆಗಳನ್ನೂ ನೋಡಬೇಕು. ತಾರಸಿಯ ಮನೆಯಾದರೆ ನೀರು ಹೋಗುವ ಕಂಡಿಗಳನ್ನು ಮುಚ್ಚಿ, ಎರಡಂಗುಲ ನೀರು ನಿಲ್ಲಿಸಿ, ಒಂದು ಹಗಲು ಒಂದು ರಾತ್ರಿ ಕಳೆದ ಮೇಲೆ ಕೆಳಗಿನಿಂದ ಚಾವಣಿ ನೋಡಿ. ಹಳೆಯ, ದುರ್ಬಲವಾದ ತಾರಸಿಯಾದರೆ ಇಂಜಿನಿಯರನ್ನು ಕೇಳದೆ ಹೀಗೆ ನೀರು ನಿಲ್ಲಿಸಬೇಡಿ, ನೀರಿಗೂ ಭಾರವಿದೆ.

ಆಮೇಲೆ ಮರ. ತೊಲೆಯ ನಡುಭಾಗ ಗಟ್ಟಿಯಾಗಿದೆಯೆಂದು ಸಮಾಧಾನಪಡಬೇಡಿ. ಗೋಡೆಯೊಳಗೆ ಹೂತ ತುದಿಗೆ ಗಾಳಿಯಿಲ್ಲ, ತೇವವಿದೆ. ಕೊಳೆಯುವುದೂ ಗೆದ್ದಲು ಹಿಡಿಯುವುದೂ ಹೆಚ್ಚಾಗಿ ಅಲ್ಲೇ. ಬಾಗಿಲ ಚೌಕಟ್ಟಿನ ಬುಡವೂ ಹಾಗೆಯೇ. ಗೋಡೆಯ ಮೇಲೆ ಮಣ್ಣಿನ ಸಣ್ಣ ಕೊಳವೆಯಂಥ ಗೆರೆ ಏರಿದ್ದರೆ ಅದು ಗೆದ್ದಲಿನ ದಾರಿ. ಒಳ್ಳೆಯ ಬಡಗಿಯೊಬ್ಬರು ಕೊಡತಿಯಿಂದ ತಟ್ಟಿ, ಶಬ್ದದಿಂದಲೇ ಟೊಳ್ಳು ಗಟ್ಟಿಗಳನ್ನು ಹೇಳಬಲ್ಲರು. ಅಂಥವರ ಅರ್ಧ ದಿನದ ಕೂಲಿ ವ್ಯರ್ಥವಾಗುವುದಿಲ್ಲ.

ಗೋಡೆಯ ಬಿರುಕುಗಳನ್ನು ಕಂಡು ಗಾಬರಿಯಾಗುವವರೂ ಇದ್ದಾರೆ, ಉದಾಸೀನ ಮಾಡುವವರೂ ಇದ್ದಾರೆ. ಗಾರೆಯ ಮೇಲೆ ಕೂದಲೆಳೆಯಂತೆ ಹರಡಿದ ಗೆರೆಗಳು ಸಾಮಾನ್ಯವಾಗಿ ಅಪಾಯದವಲ್ಲ. ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ ಹೊರಟು ಅಗಲವಾಗುತ್ತ ಹೋಗುವ ಬಿರುಕು ತಳಪಾಯ ಕುಸಿದುದರ ಸೂಚನೆಯಾಗಿರಬಹುದು. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಕುಗ್ಗುವುದರಿಂದ ಅಂಥ ನೆಲದ ಮೇಲಿನ ಮನೆಗಳಲ್ಲಿ ಬಿರುಕು ಬೇಸಗೆಯಲ್ಲಿ ಬಾಯಿಬಿಟ್ಟು ಮಳೆಯಲ್ಲಿ ಮುಚ್ಚಿಕೊಳ್ಳುವುದುಂಟು. ಒಂದು ಉಪಾಯವಿದೆ. ಬಿರುಕಿಗೆ ಅಡ್ಡಲಾಗಿ ಗಾಜಿನ ತೆಳುಪಟ್ಟಿಯೊಂದನ್ನು ಗಾರೆಯಿಂದ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆದಿಡಿ. ಕೆಲವು ತಿಂಗಳಲ್ಲಿ ಗಾಜು ಸೀಳಿದರೆ ಗೋಡೆ ಇನ್ನೂ ಚಲಿಸುತ್ತಿದೆ ಎಂದರ್ಥ; ಆಗ ಸಿವಿಲ್ ಇಂಜಿನಿಯರನ್ನು ಕರೆಯಲೇಬೇಕು.

ಭದ್ರಾ ನಾಲೆಯ ನೀರು ಬಂದ ಮೇಲೆ ನಮ್ಮ ಚನ್ನಗಿರಿ ಸೀಮೆಯಲ್ಲಿ ಭತ್ತವೂ ಅಡಿಕೆಯೂ ಬೆಳೆದವು. ಜನ ನೆಮ್ಮದಿ ಕಂಡರು. ಆದರೆ ಗದ್ದೆ ತೋಟಗಳಿಗೆ ಒತ್ತಿಕೊಂಡ ತಗ್ಗಿನ ಮನೆಗಳಿಗೆ ನೆಲದ ತೇವದ ಕಾಟ ಬರಬಹುದು. ಮೊಣಕಾಲೆತ್ತರದವರೆಗೆ ಸುಣ್ಣ ಉದುರಿ, ಬಿಳಿಯ ಉಪ್ಪು ಹೊರಬಿದ್ದಿದ್ದರೆ ಅದು ನೆಲದಿಂದ ಏರಿದ ತೇವ. ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಮಣ್ಣಿನ ಗೋಡೆಗೆ ಭದ್ರವಾಗಲೆಂದು ಸಿಮೆಂಟಿನ ಗಾರೆ ಮೆತ್ತಿಸುತ್ತಾರೆ. ಸಿಮೆಂಟು ತೇವವನ್ನು ಹೊರಕ್ಕೆ ಬಿಡದೆ ಒಳಗೇ ತಡೆಯುತ್ತದೆ. ಮಣ್ಣು ನೆನೆದು ಸೊರಗುತ್ತದೆ. ಸಿಮೆಂಟು ಹಪ್ಪಳದಂತೆ ಎದ್ದು ಬರುತ್ತದೆ. ಮಣ್ಣಿನ ಗೋಡೆಗೆ ಮಣ್ಣು ಸುಣ್ಣಗಳೇ ಹೊಂದುವ ಹೊದಿಕೆ. ಮಾರುವ ಆತುರದಲ್ಲಿ ಈ ಖರ್ಚನ್ನು ಮಾಡಿ ಮನೆಯನ್ನು ಕೆಡಿಸಬೇಡಿ.

ವಿದ್ಯುತ್ತಿನ ವಿಷಯದಲ್ಲಿ ಮಾತ್ರ ನೀವಾಗಿ ಏನನ್ನೂ ಬಿಚ್ಚಬೇಡಿ. ಮರದ ಪಟ್ಟಿಯ ಮೇಲೆ ಹಾಯಿಸಿದ ಹಳೆಯ ತಂತಿ, ಒಣಗಿ ಉಪಯೋಗವಿಲ್ಲದಂತಾದ ಅರ್ಥಿಂಗ್ ಗುಂಡಿ, ಇವು ಬೀಗ ಬಿದ್ದ ಮನೆಗಳಲ್ಲಿ ಸಾಮಾನ್ಯ. ಪರವಾನಗಿಯುಳ್ಳ ಎಲೆಕ್ಟ್ರೀಷಿಯನ್ನರಿಂದ ಪರೀಕ್ಷೆ ಮಾಡಿಸಿ. 30 ಮಿಲಿಆಂಪಿಯರ್ ಸೋರಿಕೆಯಾದೊಡನೆ ಸಂಪರ್ಕ ಕಡಿಯುವ ಸಾಧನ ಇಲ್ಲದಿದ್ದರೆ ಹಾಕಿಸಿ. ಅದು ಪ್ರಾಣ ಉಳಿಸುವ ವಸ್ತು. ಬಾವಿ, ಬಚ್ಚಲ ನೀರು, ಶೌಚದ ಗುಂಡಿ ಎಲ್ಲಿವೆ, ಒಂದಕ್ಕೊಂದು ಎಷ್ಟು ದೂರದಲ್ಲಿವೆ ಎಂಬುದನ್ನು ಕಾಗದದ ಮೇಲೆ ಗುರುತಿಸಿಡಿ. ಹಿತ್ತಿಲಲ್ಲಿ ಮುಚ್ಚಿದ ಹಳೆಯ ಗುಂಡಿಯಿದ್ದರೆ ಅದನ್ನು ಹೇಳಲೇಬೇಕು. ಅದು ನಿಮಗೆ ಮಾತ್ರ ಗೊತ್ತಿರುವ ಸಂಗತಿ.

ಕಟ್ಟಡದಂತೆಯೇ ಕಾಗದಗಳಿಗೂ ಗೆದ್ದಲು ಹಿಡಿದಿರುತ್ತದೆ. ಉಪನೋಂದಣಿ ಕಚೇರಿಯ ಋಣಭಾರ ಪ್ರಮಾಣಪತ್ರವನ್ನು ಮೊದಲೇ ತೆಗೆಸಿ ಓದಿ. ವ್ಯವಹಾರಗಳಿದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16 ದೊರೆಯುತ್ತದೆ. ತಾತನ ಕಾಲದಲ್ಲಿ ತೀರಿಸಿದ ಅಡಮಾನ ಬಿಡುಗಡೆಯಾಗದೆ ಉಳಿದಿರುವುದು ಅಲ್ಲಿ ಕಾಣಬಹುದು. ಪಂಚಾಯಿತಿ ವ್ಯಾಪ್ತಿಯ ಮನೆಗೆ ಇ-ಸ್ವತ್ತಿನ ನಮೂನೆ 9 ಮತ್ತು 11 ಬೇಕು. ಅವುಗಳಲ್ಲಿನ ಅಳತೆ, ಚಕ್ಕುಬಂದಿಗಳು ನೆಲದ ಮೇಲಿನ ಅಳತೆಗೆ ಹೊಂದುತ್ತವೆಯೇ ಎಂದು ಟೇಪು ಹಿಡಿದು ನೋಡಿ. ನಮ್ಮ ಕಡೆಯ ಹಳೆಯ ಪತ್ರಗಳಲ್ಲಿ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಯಲ್ಲಿರುತ್ತವೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದ ಮೇಲಿನ ಪತ್ರಗಳಲ್ಲಿ ಬೇರೆ. ಇದು ದೋಷವಲ್ಲ, ಆದರೆ ದೂರದ ಊರಿನಿಂದ ಕೊಳ್ಳಲು ಬಂದವರಿಗೆ ವಿವರಿಸಿ ಹೇಳಬೇಕು. ಕಂದಾಯ, ನೀರಿನ ಬಾಕಿಗಳನ್ನು ತೀರಿಸಿ ರಸೀದಿಗಳನ್ನು ಒಂದೆಡೆ ಜೋಡಿಸಿ. ವಿದ್ಯುತ್ತಿನ ಆರ್.ಆರ್. ನಂಬರು ಇನ್ನೂ ತಾತನ ಹೆಸರಿನಲ್ಲಿದ್ದರೆ ಆಶ್ಚರ್ಯಪಡಬೇಡಿ, ಸರಿಪಡಿಸಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಉಯಿಲು ಬರೆಯದೆ ತೀರಿಕೊಂಡ ಹಿಂದೂ ತಂದೆಯ ಸ್ವಂತ ಆಸ್ತಿಯಲ್ಲಿ ಹೆಣ್ಣುಮಕ್ಕಳು ಗಂಡುಮಕ್ಕಳ ಸಮಕ್ಕೆ ವಾರಸುದಾರರೆಂಬುದನ್ನು 1956ರ ಉತ್ತರಾಧಿಕಾರ ಅಧಿನಿಯಮವೇ ಹೇಳಿದೆ. 2005ರ ತಿದ್ದುಪಡಿ ಅವಿಭಕ್ತ ಕುಟುಂಬದ ಆಸ್ತಿಯಲ್ಲೂ ಮಗಳಿಗೆ ಮಗನ ಸಮಾನ ಹಕ್ಕನ್ನು ಕೊಟ್ಟಿತು. ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಕೊನೆಯ ದಿನ ಸಹಿಗೆಂದು ಕರೆಯಬೇಡಿ. ಮೊದಲ ಮಾತಿಗೇ ಕರೆಯಿರಿ. ಮನೆಯ ಒಳಬಿರುಕು ಅನೇಕ ವೇಳೆ ಇರುವುದು ಗೋಡೆಯಲ್ಲಲ್ಲ.

ನೋಡಿದ್ದೆಲ್ಲ ಮುಗಿದ ಮೇಲೆ ಮೂರು ಪಟ್ಟಿ ಮಾಡಿ. ಪ್ರಾಣಕ್ಕೆ ಅಪಾಯವಾದದ್ದನ್ನು ಕೂಡಲೇ ಸರಿಪಡಿಸಿ, ಆಗದಿದ್ದರೆ ಆ ಭಾಗವನ್ನು ಮುಚ್ಚಿ. ಸಣ್ಣ ಖರ್ಚಿನಲ್ಲಿ ಸರಿಯಾಗುವ ಹೆಂಚು, ನಲ್ಲಿ, ಚಿಲಕಗಳನ್ನು ಸರಿ ಮಾಡಿಸಿ. ದೊಡ್ಡ ಖರ್ಚಿನದನ್ನು ಹಾಗೆಯೇ ಬಿಟ್ಟು, ಅಂದಾಜು ಬರೆಸಿ, ಕೊಳ್ಳುವವರ ಕೈಗೆ ಕೊಟ್ಟು ಒಂದು ನಕಲಿನ ಮೇಲೆ ಅವರ ಸಹಿ ಪಡೆಯಿರಿ. ಸುಣ್ಣಬಣ್ಣ ಎಲ್ಲಕ್ಕಿಂತ ಕೊನೆಗೆ.

ನಾವು ಹಾಗೆಯೇ ಮಾಡಿದೆವು. ತಂಗಿಯನ್ನೂ ಕೂರಿಸಿಕೊಂಡು ಮಾತಾಡಿ, ತೊಲೆಯ ವಿಷಯವನ್ನು ಕೊಳ್ಳುವವರಿಗೆ ಮೊದಲ ದಿನವೇ ತೋರಿಸಿದೆವು. ಹೊಸ ತೊಲೆಯ ಬೆಲೆ, ಕೂಲಿ ಎರಡನ್ನೂ ಕಳೆದು ಬೆಲೆ ಗೊತ್ತಾಯಿತು. ಬೇರೆ ಚೌಕಾಸಿಗೆ ಅವರೂ ಕೈಹಾಕಲಿಲ್ಲ. ತೊಲೆ ತೋರಿಸಿದವರ ಉಳಿದ ಮಾತನ್ನೂ ನಂಬಬಹುದೆಂದು ಅವರಿಗೆ ತೋರಿರಬೇಕು. ಈಗಲೂ ಆ ಬೀದಿಯಲ್ಲಿ ಹೋದರೆ ಒಳಗೆ ಕರೆದು ಕಾಫಿ ಕೊಡುತ್ತಾರೆ. ಪಡಸಾಲೆಯಲ್ಲಿ ಅವರ ಮಕ್ಕಳು ಪುಸ್ತಕ ಹರಡಿಕೊಂಡು ಕುಳಿತಿರುತ್ತಾರೆ. ನಾನು ಒಮ್ಮೆ ತಲೆಯೆತ್ತಿ ಹೊಸ ತೊಲೆಯನ್ನು ನೋಡುತ್ತೇನೆ, ಮನಸ್ಸು ಹಗುರವಾಗುತ್ತದೆ. ಮಾರಿದ ಮನೆಯ ಮುಂದೆ ತಲೆತಗ್ಗಿಸದೆ ನಡೆಯುವಂತಿರುವುದೂ ಒಂದು ಆಸ್ತಿಯೇ.