ಪಟ್ಟಿಯಲ್ಲಿ ಬಿಟ್ಟುಹೋದ ಹೆಸರು

 

2009ರ ಅಕ್ಟೋಬರಿನಲ್ಲಿ ಉತ್ತರ ಕರ್ನಾಟಕಕ್ಕೆ ನೆರೆ ಬಂದಾಗ ನಾನು ಸರಕಾರಿ ಸೇವೆಯಲ್ಲಿದ್ದೆ. ಪರಿಹಾರ ಕೇಂದ್ರವೊಂದರಲ್ಲಿ ಪಟ್ಟಿ ಮಾಡುವ ಹೊಣೆ ನನ್ನದಾಗಿತ್ತು. ಒಂದೇ ಮನೆಯವರ ಹೆಸರು ಎರಡು ರಿಜಿಸ್ಟರಿನಲ್ಲಿ ಸೇರಿತ್ತು. ಒಬ್ಬ ಅಜ್ಜಿಯ ಹೆಸರು ಒಂದರಲ್ಲೂ ಇರಲಿಲ್ಲ. ‘ನಾ ಇನ್ನೂ ಬದುಕೇನಿ ಅಂತ ಯಾರಿಗೆ ಹೇಳ್ಲಿ, ಸಾಹೇಬ್ರ?’ ಎಂದು ಆಕೆ ಕೇಳಿದರು. ಅಕ್ಕಿ, ಬಟ್ಟೆ, ಹೊದಿಕೆ ಎಲ್ಲವೂ ಇತ್ತು. ಇಲ್ಲದ್ದು ಸರಿಯಾದ ಲೆಕ್ಕ. ಆಕೆಯ ಹೆಸರನ್ನು ನಾನೇ ಬರೆದೆ. ಕೇಳಲು ಬಾರದೇ ಹೋದವರು ಎಷ್ಟು ಜನರೋ!

ಈ ತೊಂದರೆಗೆ ನೆರೆಯ ಶ್ರೀಲಂಕಾದವರು ಸುಮಾರು ಐದು ವರ್ಷ ಮೊದಲೇ ದಾರಿ ಹುಡುಕಿದ್ದರೆಂದು ನನಗೆ ತಿಳಿದದ್ದು ನಿವೃತ್ತಿಯ ಮೇಲೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಅಲ್ಲಿ 30,000ಕ್ಕೂ ಹೆಚ್ಚು ಜನ ಮಡಿದರು. ಆಗ ಅಲ್ಲಿಯ ಸಾಫ್ಟ್‌ವೇರ್ ಕಂಪನಿಗಳ ಇಂಜಿನಿಯರುಗಳು ಸ್ವಯಂಸೇವಕರಾಗಿ ಮುಂದೆ ಬಂದರು. ಕೆಲವೇ ವಾರಗಳಲ್ಲಿ ‘ಸಹನಾ’ ಎಂಬ ತಂತ್ರಾಂಶ ರೂಪುಗೊಂಡಿತು. ಸಿಂಹಳದಲ್ಲಿ ಆ ಮಾತಿಗೆ ಪರಿಹಾರ ಎಂದರ್ಥ. ಕಾಣೆಯಾದವರು ಯಾರು, ಯಾವ ಶಿಬಿರದಲ್ಲಿ ಎಷ್ಟು ಜನ, ಯಾವ ಸಂಸ್ಥೆ ಎಲ್ಲಿ ಕೆಲಸ ಮಾಡುತ್ತಿದೆ, ಯಾರಿಗೆ ಏನು ಬೇಕು ಎಂಬ ನಾಲ್ಕೂ ಲೆಕ್ಕ ಒಂದೇ ಕಡೆ ಸಿಗುವಂತಾಯಿತು.

ಅದನ್ನು ಅವರು ಬೀಗ ಹಾಕಿ ಇಟ್ಟುಕೊಳ್ಳಲಿಲ್ಲ. ಯಾರು ಬೇಕಾದರೂ ಪಡೆದು, ತಿದ್ದಿ, ಬಳಸಬಹುದಾದ ಮುಕ್ತ ತಂತ್ರಾಂಶವಾಗಿ ಬಿಟ್ಟರು. ಹಾಗಾಗಿ 2005ರ ಪಾಕಿಸ್ತಾನದ ಭೂಕಂಪಕ್ಕೆ, 2006ರಲ್ಲಿ ಫಿಲಿಪ್ಪೀನ್ಸಿನ ಭೂಕುಸಿತಕ್ಕೆ, 2010ರ ಹೈಟಿಯ ಭೂಕಂಪಕ್ಕೆ ಅದೇ ತಂತ್ರಾಂಶ ಒದಗಿತು. ಐಬಿಎಂನಂಥ ದೊಡ್ಡ ಕಂಪನಿಯ ನೌಕರರೂ ಕೈಜೋಡಿಸಿದರು. ನಾವು ಕೊಟ್ಟ ಹೊದಿಕೆ ಒಬ್ಬರಿಗೇ ಆಗುತ್ತದೆ, ಕೆಲವು ವರ್ಷಕ್ಕೆ ಹರಿಯುತ್ತದೆ. ಇದು ಕೊಟ್ಟಷ್ಟೂ ಉಳಿಯುವ ದಾಸೋಹ.

ಎರಡು ಎಚ್ಚರಿಕೆ ಹೇಳಬೇಕು. ತಂತ್ರಾಂಶ ಮುಕ್ತವಾಗಿರಲಿ, ಅದರೊಳಗಿನ ಹೆಸರುಗಳಲ್ಲ. ತಬ್ಬಲಿ ಮಗುವಿನ ವಿವರ ಕೆಟ್ಟವರ ಕೈಗೆ ಸಿಗಬಾರದು. ಇನ್ನೊಂದು, ನೀರು ಬಂದ ಮೇಲೆ ಕಲಿಯಲು ಕೂತರೆ ಆಗದು. ಅಣೆಕಟ್ಟಿನ ಗೇಟುಗಳನ್ನು ಮಳೆಗಾಲಕ್ಕೆ ಮುಂಚೆಯೇ ಪರೀಕ್ಷೆ ಮಾಡುತ್ತೇವಲ್ಲ, ಹಾಗೆಯೇ ಇದನ್ನೂ ಬೇಸಿಗೆಯಲ್ಲೇ ಕನ್ನಡದಲ್ಲಿ ಸಜ್ಜುಗೊಳಿಸಿ, ಊರಿನವರಿಗೆ ಕಲಿಸಬೇಕು.

ನಿಮ್ಮ ಮನೆಯ ಮಕ್ಕಳು ಬೆಂಗಳೂರಿನ ಕಂಪನಿಗಳಲ್ಲಿದ್ದಾರೆ. ಕಂಪನಿ ಸೇವೆಗೆಂದು ರಜೆ ಕೊಟ್ಟಾಗ ಸಸಿ ನೆಟ್ಟು ಫೋಟೊ ತೆಗೆಸಿಕೊಂಡು ಬರುತ್ತಾರೆ. ಸಸಿ ನೆಡಲಿ, ಬೇಡವೆನ್ನುವುದಿಲ್ಲ. ಆದರೆ ತಮಗೆ ಬರುವ ಕಾಯಕವನ್ನೇ ಕೊಡಲಿ ಎಂದು ಈ ಹಬ್ಬಕ್ಕೆ ಊರಿಗೆ ಬಂದಾಗ ಅವರಿಗೆ ಹೇಳಿ. ಮುಂದಿನ ನೆರೆಯಲ್ಲಿ ಯಾವ ಅಜ್ಜಿಯೂ ತಾನು ಬದುಕಿದ್ದೇನೆಂದು ಸಾಬೀತು ಮಾಡುವ ಪಾಡು ಬರದಿರಲಿ.