ಚರಂಡಿಯ ನೀರು ಹೊಳೆ ಸೇರುವ ಮುನ್ನ



ಬ್ರಹ್ಮಗಿರಿಯ ತಪ್ಪಲಲ್ಲಿ ಇರ್ಪು ಜಲಪಾತವಾಗಿ ಧುಮುಕುವ ಲಕ್ಷ್ಮಣತೀರ್ಥವು ಹುಣಸೂರು ಪಟ್ಟಣವನ್ನು ಹಾದು, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ಗುರುತಿಸಿದ ಕರ್ನಾಟಕದ 17 ಮಲಿನ ನದಿಪಾತ್ರಗಳಲ್ಲಿ ಈ ಹೊಳೆಯ ಹೆಸರೂ ಸೇರಿತ್ತು.

ಹರಿಯುವ ನೀರು ತನ್ನ ಕೊಳೆಯನ್ನು ತಾನೇ ತೊಳೆದುಕೊಳ್ಳುತ್ತದೆ ಎಂಬ ಹಿರಿಯರ ಮಾತು ಸುಳ್ಳಲ್ಲ. ಆದರೆ ಅದಕ್ಕೊಂದು ಲೆಕ್ಕವಿದೆ. ಒಂದು ಲೀಟರ್ ಶುಭ್ರ ಹೊಳೆನೀರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ. ಮನೆಗಳಿಂದ ಬರುವ ಒಂದು ಲೀಟರ್ ಕೊಳಚೆಯನ್ನು ಕೊಳೆಯಿಸಿ ಮುಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವುದು 200ರಿಂದ 300 ಮಿಲಿಗ್ರಾಂ. ಅಂದರೆ ಒಂದು ಕೊಡ ಕೊಳಚೆಯು 25 ಕೊಡಕ್ಕೂ ಮಿಗಿಲಾದ ಹೊಳೆನೀರಿನ ಉಸಿರನ್ನು ಹೀರಬಲ್ಲದು. ಮಳೆಗಾಲದಲ್ಲಿ ಬಂಡೆಗಳ ಮೇಲೆ ನೊರೆಯೆದ್ದು ಹರಿಯುವಾಗ ಹೊಳೆಯು ಗಾಳಿಯಿಂದ ಆ ನಷ್ಟವನ್ನು ತುಂಬಿಕೊಳ್ಳುತ್ತದೆ. ಬೇಸಿಗೆಯಲ್ಲಿ ಹರಿವು ಕೃಶವಾದಾಗ ಚರಂಡಿಯೇ ಹೊಳೆಯಾಗುತ್ತದೆ. ಆಗ ಮೀನು ಸಾಯಲು ವಿಷವೇ ಬೇಕಿಲ್ಲ; ಉಸಿರುಗಟ್ಟಿದರೂ ಸಾಕು.

ಇದು ಪಟ್ಟಣದ ಪಾಪ ಮಾತ್ರವೆಂದು ಹಳ್ಳಿಗಳು ಕೈತೊಳೆದುಕೊಳ್ಳುವಂತಿಲ್ಲ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯ ಗುರಿ ಗ್ರಾಮೀಣರಿಗೆ ತಲೆಗೆ ದಿನಕ್ಕೆ 55 ಲೀಟರ್. ಬಳಸಿದ ನೀರಿನ ಶೇಕಡ 80ರಷ್ಟು ಕೊಳಚೆಯಾಗಿ ಹೊರಬರುತ್ತದೆ ಎಂಬುದು ವಾಡಿಕೆಯ ಅಂದಾಜು. ಸಾವಿರ ಜನರ ಊರಿಗೆ ದಿನಕ್ಕೆ 44,000 ಲೀಟರ್! ನಲ್ಲಿಯ ಉದ್ಘಾಟನೆಗೆ ಬಂದ ಗಣ್ಯರು ಈ ನೀರು ಹೋಗುವ ದಾರಿಯನ್ನು ಕೇಳುವುದು ಅಪರೂಪ.

ಇಷ್ಟು ನೀರಿಗೆ ಭಾರೀ ಯಂತ್ರಗಳು ಬೇಕಿಲ್ಲ. ಮೊದಲು ಕಸ ತಡೆಯುವ ಜಾಲರಿ. ಬಳಿಕ ಮಡ್ಡಿ ತಳಕ್ಕಿಳಿಯುವ ತೊಟ್ಟಿ. ಅನಂತರ ಅಡ್ಡಗೋಡೆಗಳ ಮುಚ್ಚಿದ ಕೋಣೆಗಳು. ಇಲ್ಲಿ ಗಾಳಿಯ ಹಂಗಿಲ್ಲದ ಸೂಕ್ಷ್ಮಜೀವಿಗಳು ಕೊಳೆಯನ್ನು ಜೀರ್ಣಿಸುತ್ತವೆ. ಕೊನೆಗೆ ಜೊಂಡು ನೆಟ್ಟ ಜಲ್ಲಿಯ ಹಾಸು. ಇಳಿಜಾರಿದ್ದರೆ ವಿದ್ಯುತ್ತೂ ಬೇಡ. ಮಲೆಯ ಊರುಗಳಿಗೆ ಇಳಿಜಾರಿನ ಕೊರತೆಯಿಲ್ಲ. ಹೀಗೆ ಸೋಸಿದ ನೀರಿನಲ್ಲಿ ಸಾರಜನಕ, ರಂಜಕಗಳು ಬಹುಮಟ್ಟಿಗೆ ಉಳಿದೇ ಇರುತ್ತವೆ. ನಿಂತ ನೀರಿಗೆ ಸೇರಿದರೆ ಅಂತರಗಂಗೆಯನ್ನು ಬೆಳೆಸುವ ಈ ಸತ್ವವು ಬಾಳೆ, ತೆಂಗು, ಮೇವಿನ ಹುಲ್ಲಿಗೆ ಗೊಬ್ಬರ. ಹಸಿಯಾಗಿ ತಿನ್ನುವ ಸೊಪ್ಪು, ಸೌತೆ, ಮೂಲಂಗಿಗೆ ಮಾತ್ರ ಇದನ್ನು ಹಾಯಿಸಕೂಡದು. ರೋಗಾಣುಗಳು ಪೂರ್ಣ ನಾಶವಾಗಿರುವುದಿಲ್ಲ.

ಘಟಕ ಕಟ್ಟುವುದು ಸುಲಭ. ಎರಡು ಮೂರು ವರ್ಷಗಳಲ್ಲಿ ಮಡ್ಡಿ ತುಂಬಿದಾಗ ನಿಜವಾದ ಪರೀಕ್ಷೆ. ಅದನ್ನು ತೆಗೆಯಲು ಮನುಷ್ಯರನ್ನು ತೊಟ್ಟಿಗಿಳಿಸುವುದು ಕೊಲೆಗೆ ಸಮಾನ. 2013ರ ಕಾಯಿದೆಯು ಅದನ್ನು ನಿಷೇಧಿಸಿದೆ. ಹೀರುವ ಯಂತ್ರದ ಬಾಡಿಗೆ, ಮಡ್ಡಿ ಒಣಗಿಸುವ ಜಾಗ, ಜಾಲರಿ ತೊಳೆಯುವವರ ಸಂಬಳ ಪಂಚಾಯಿತಿಯ ಆಯವ್ಯಯದಲ್ಲಿ ಮೊದಲ ವರ್ಷದಿಂದಲೇ ಇರಬೇಕು. ದೇವನಹಳ್ಳಿಯಲ್ಲಿ 2015ರಲ್ಲಿ ಆರಂಭವಾದ ಘಟಕವು ಶೌಚಗುಂಡಿಗಳ ಮಡ್ಡಿಯನ್ನು ಒಣಗಿಸಿ, ಹಸಿಕಸದೊಡನೆ ಕಾಂಪೋಸ್ಟ್ ಮಾಡುವ ದಾರಿಯನ್ನು ತೋರಿದೆ. ಒಣಗಿಸದ ಮಡ್ಡಿಯನ್ನು ಹೊಲಕ್ಕೆ ಸುರಿದರೆ ಜಂತುಹುಳುವಿನ ಮೊಟ್ಟೆಗಳನ್ನು ಬಿತ್ತಿದಂತೆ.

ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಂತೆ ಮನೆಗಳು ಚದುರಿದ ಕಡೆ ಘಟಕವೇ ಬೇಕಿಲ್ಲ. ಸ್ನಾನದ, ಪಾತ್ರೆ ತೊಳೆದ ನೀರಿಗೆ ಮನೆಯ ಹಿಂದಿನ ಇಂಗುಗುಂಡಿ, ಅದರ ಬದಿಗೆ ನಾಲ್ಕು ಬಾಳೆ ಸಾಕು. ಗುಂಡಿಯು ಕುಡಿಯುವ ನೀರಿನ ಬಾವಿಯಿಂದ ದೂರವಿರಲಿ, ಬಾವಿಗಿಂತ ತಗ್ಗಿನಲ್ಲಿರಲಿ.