ನನ್ನ ಪುಸ್ತಕ ಓದಿದವರು

(ಹಾವೇರಿ ಹತ್ತಿರದ ಒಂದು ಹಳ್ಳಿಯ ಕಲಿಕಾ ಕೇಂದ್ರದಲ್ಲಿ ಲೇಖಕಿಯೊಬ್ಬರು ಆಡಿದ ಮಾತು)



ಹಗಲೆಲ್ಲ ಹೊಲದಲ್ಲಿ ದುಡಿದು ಬಂದು ಕೂತಿದ್ದೀರಿ. ಉದ್ದ ಭಾಷಣ ಮಾಡುವುದಿಲ್ಲ. ನಿದ್ದೆ ಬಂದರೆ ಗೋಡೆಗೆ ಒರಗಿರಿ, ನಾನು ಬೈಯುವುದಿಲ್ಲ. ನಾನು ಒಂದು ಪುಸ್ತಕ ಬರೆದೆ. ಬರೆದ ಮೇಲೆ ಏನೇನಾಯಿತು, ಅದನ್ನು ಹೇಳುತ್ತೇನೆ.

ನಾನು ಕನ್ನಡ ಶಾಲೆಯ ಅಕ್ಕೋರು. ನಿವೃತ್ತಿ ಆದ ಮೇಲೆ ಹನ್ನೆರಡು ಕಥೆ ಬರೆದೆ. ಪೆನ್ಷನ್ ಹಣ ಹಾಕಿ ಗದಗಿನಲ್ಲಿ ಅಚ್ಚು ಮಾಡಿಸಿದೆ. 500 ಪ್ರತಿ. ಒಂದಕ್ಕೆ 60 ರೂಪಾಯಿ. ಕಟ್ಟು ಕಟ್ಟಾಗಿ ಪುಸ್ತಕ ಮನೆಗೆ ಬಂತು. ನಮ್ಮ ಯಜಮಾನರು ನೋಡಿ, "ಗೊಬ್ಬರದ ಚೀಲ ಬಂದಂಗ ಬಂದಾವಲ್ಲ! ಯಾರು ಓದತಾರ ಇಷ್ಟು?" ಅಂದರು.

ಅಂಗಡಿಯವರು ಬೇಡ ಅಂದರು. ಆಗ ಗಳಗನಾಥರು ನೆನಪಾದರು. ಅವರು ನಮ್ಮ ಸೀಮೆಯವರೇ. 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡರು. ಕನ್ನಡ ಕಾದಂಬರಿ ಓದುವವರೇ ಕಡಿಮೆ ಇದ್ದ ಕಾಲ ಅದು. ತಮ್ಮ ಪುಸ್ತಕದ ಗಂಟನ್ನು ತಾವೇ ಹೊತ್ತು, ಊರೂರು ತಿರುಗಿ ಮಾರಿದರು. ಅಂಥ ದೊಡ್ಡವರೇ ಹೊತ್ತರು, ನನಗೇನು ನಾಚಿಕೆ? ನಾನೂ ಚೀಲ ಹೆಗಲಿಗೆ ಹಾಕಿ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಣ್ಣುಮಗಳು ಪುಸ್ತಕ ತಿರುವಿ ನೋಡಿದಳು.

"ಇದರಾಗ ಅಡಿಗಿ ಮಾಡೋದು ಐತೇನ್ರಿ?"

"ಇಲ್ಲವ್ವ."

"ರಂಗೋಲಿ?"

"ಅದೂ ಇಲ್ಲ."

"ಹಂಗಾರ ಏನೈತಿ?"

"ಕಥೆ ಐತಿ."

"ಕಥಿ ನಮ್ಮ ಮನ್ಯಾಗ ಸಾಕಷ್ಟು ಅದಾವ ಬಿಡ್ರಿ" ಅಂತ ಪುಸ್ತಕ ವಾಪಸು ಕೊಟ್ಟಳು.

ಇದೇ ನನ್ನ ಮೊದಲ ಬೋಣಿ!

ನನ್ನ ಒಂದು ಕಥೆಯಲ್ಲಿ ನೀಲವ್ವ ಅಂತ ಬರುತ್ತಾಳೆ. ಗಂಡ ಕುಡುಕ. ನೀಲವ್ವ ಎಮ್ಮೆ ಹಾಲು ಮಾರಿದ ರೊಕ್ಕವನ್ನು ಮೆಂತೆ ಡಬ್ಬಿಯಲ್ಲಿ ಬಚ್ಚಿಡುತ್ತಾಳೆ. ಪುಸ್ತಕ ಬಂದು ತಿಂಗಳಾಗಿರಲಿಲ್ಲ. ಒಂದು ಮುಂಜಾನೆ ನಮ್ಮ ಓಣಿಯ ಮೂವರು ಹೆಣ್ಣುಮಕ್ಕಳು ಬಾಗಿಲಿಗೆ ಬಂದರು. ಮುಖ ಕೆಂಪಗಾಗಿತ್ತು.

"ಅಕ್ಕೋರ, ನಾವು ನಿಮಗೇನು ಮಾಡಿದ್ವಿ? ನಮ್ಮ ಮನಿ ಗುಟ್ಟು ಯಾಕ ಬರದ್ರಿ?"

"ನಿಮ್ಮ ಗುಟ್ಟು ನನಗೆಲ್ಲಿ ಗೊತ್ತು?"

"ನಮ್ಮ ಮನಿಯವ್ರು ನಿಮ್ಮ ಪುಸ್ತಕ ಓದಿದ್ರು. ಓದಿ ಎದ್ದವ್ರು ಸೀದಾ ಮೆಂತೆ ಡಬ್ಬಿಗೆ ಕೈ ಹಾಕಿದ್ರು!"

ನನಗೆ ನಗು ತಡೆಯಲಿಲ್ಲ. ಇಬ್ಬರು ತಾವೂ ನಕ್ಕರು. ಒಬ್ಬಾಕೆ ನಗಲಿಲ್ಲ. ಅವಳ ಡಬ್ಬಿಯಿಂದ 360 ರೂಪಾಯಿ ಹೋಗಿತ್ತು. ಮಗಳ ಪುಸ್ತಕಕ್ಕೆ, ಬಟ್ಟೆಗೆ ಕೂಡಿಟ್ಟ ಹಣ. ಗಂಡ ಅದನ್ನು ಒಂದೇ ದಿನದಲ್ಲಿ ಕುಡಿದು ಮುಗಿಸಿದ್ದ. ಆರು ಪುಸ್ತಕ ಮಾರಿದ ಹಣ ನನ್ನ ಹತ್ತಿರ ಇತ್ತು. ಅದನ್ನೇ ಅವಳ ಕೈಗೆ ಕೊಟ್ಟೆ. ಮರುದಿನ ಇಬ್ಬರೂ ಬ್ಯಾಂಕಿಗೆ ಹೋಗಿ ಅವಳ ಹೆಸರಿನಲ್ಲಿ ಖಾತೆ ತೆಗೆಸಿದೆವು.

ಕೆಲವರು ನಿಜವಾಗಿ ಬಾಳಿದವರ ಕಥೆಯನ್ನೇ ಬರೆಯುತ್ತಾರೆ. ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' ಹಾಗೆ ಬಂದ ಕಾದಂಬರಿ. 1976ರಲ್ಲಿ ಅಚ್ಚಾಯಿತು. ಚಿಕ್ಕ ವಯಸ್ಸಿನಲ್ಲೇ ವಿಧವೆಯಾದ ಒಬ್ಬ ಹೆಣ್ಣುಮಗಳ ಬಾಳು ಅದು. ಪ್ರೇಮಾ ಕಾರಂತ ಅದನ್ನು ಸಿನಿಮಾ ಮಾಡಿದರು. ನನ್ನ ನೀಲವ್ವ ಹಾಗಲ್ಲ, ಅವಳನ್ನು ನಾನೇ ಕಟ್ಟಿದ್ದು. ಆದರೂ ಮೂರು ಮನೆಯಲ್ಲಿ ಮೆಂತೆ ಡಬ್ಬಿ ಇತ್ತಲ್ಲ!

ಇನ್ನೊಂದು ಹೇಳಿ ಮುಗಿಸುತ್ತೇನೆ.

ಇಂಥದೇ ಒಂದು ಕೇಂದ್ರಕ್ಕೆ ಹೋಗಿದ್ದೆ. ಅರವತ್ತು ದಾಟಿದ ಒಬ್ಬ ಅಜ್ಜಿ ಸೆರಗಿನಿಂದ ನನ್ನ ಪುಸ್ತಕ ತೆಗೆದಳು. ಮೂಲೆಗಳು ಮಡಚಿದ್ದವು. ಅಲ್ಲಲ್ಲಿ ಎಣ್ಣೆ ಕಲೆ. ದಿನಕ್ಕೆ ಅರ್ಧ ಪುಟದಂತೆ ಓದಿದ್ದಳಂತೆ. ನನಗೆ ಹಿಗ್ಗೋ ಹಿಗ್ಗು. ಹೊಗಳುತ್ತಾಳೆ ಅಂದುಕೊಂಡೆ.

"ಯವ್ವಾ, ಇಲ್ಲಿ ತಪ್ಪು ಬರದಿ ನೋಡು" ಅಂದಳು.

ನೀಲವ್ವನ ಕಥೆಯ ಕೊನೆಯ ಪುಟ. ಎಮ್ಮೆ ಸಾಲಕ್ಕಾಗಿ ನೀಲವ್ವ ಬ್ಯಾಂಕಿಗೆ ಹೋಗುತ್ತಾಳೆ. 'ಹೆಬ್ಬೆಟ್ಟು ಒತ್ತಿದಳು' ಅಂತ ನಾನು ಬರೆದಿದ್ದೆ. ಅಜ್ಜಿ ಅದರ ಮೇಲೆ ಗೆರೆ ಎಳೆದಿದ್ದಳು. ಪಕ್ಕದಲ್ಲಿ ದೊಡ್ಡ ದೊಡ್ಡ ಅಕ್ಷರದಲ್ಲಿ 'ಸಯಿ ಮಾಡಿದಳು' ಅಂತ ಬರೆದಿದ್ದಳು.

"ನೀಲವ್ವಗ ಓದು ಬರ್ತಿರಲಿಲ್ಲ ಅಜ್ಜಿ, ಅದಕ್ಕೆ ಹಂಗ ಬರೆದೆ" ಅಂದೆ.

"ನನಗೂ ಬರ್ತಿರಲಿಲ್ಲ. ಆಕಿ ಜೋಡಿ ಕುಂತು ಕುಂತು ನಾ ಓದಾಕ ಕಲತೆ. ಆಕಿ ಅಷ್ಟ ಹೆಬ್ಬೆಟ್ಟಾಗ ಉಳಿದ್ರ ಹೆಂಗ? ನೀ ಅಕ್ಕೋರು, ಆಕಿಗಿ ಕಲಿಸಬಾರದಾಗಿತ್ತೇನು?"

ನನಗೆ ಮಾತು ಹೊರಡಲಿಲ್ಲ. ಮೂವತ್ತು ವರ್ಷ ಮಕ್ಕಳ ತಪ್ಪು ತಿದ್ದಿದವಳು ನಾನು. ನನ್ನ ತಪ್ಪನ್ನು ಅವಳು ತಿದ್ದಿದ್ದಳು. 'ಸಯಿ' ಅಲ್ಲ, 'ಸಹಿ' ಅಂತ ಹೇಳಬೇಕು ಅನ್ನಿಸಿತು. ಬಾಯಿ ಮುಚ್ಚಿಕೊಂಡೆ.

"ಅಜ್ಜಿ, ಈ ಪುಸ್ತಕ ನನಗೆ ಕೊಡು. ನಿನಗೆ ಹೊಸದು ಕೊಡತೀನಿ" ಅಂದೆ.

ಅಜ್ಜಿ ಪುಸ್ತಕವನ್ನು ಮತ್ತೆ ಸೆರಗಿನಲ್ಲಿ ಸುತ್ತಿಕೊಂಡಳು.

"ಆ ಹೊಸದರಾಗ ಆಕಿ ಇನ್ನೂ ಹೆಬ್ಬೆಟ್ಟ ಒತ್ತತಾಳ. ಇದು ನನ್ನಂತಾಕ ಇರಲಿ" ಅಂದಳು.